ವೇಷ ಹಳೆಯದಿರಲಿ, ಎಚ್ಚರ ಇಂದಿನದಿರಲಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಹಿರಿಯರು ಆರು ತಿಂಗಳಿಗಾಗುವಷ್ಟು ಮಾತ್ರೆಗಳ ಚೀಟಿ ಬರೆಸಿಕೊಳ್ಳಲು ವೈದ್ಯರ ಬಳಿ ಬರುವುದು ಈಗ ಸಾಮಾನ್ಯ. ವಿಮಾನದಲ್ಲಿ ಕಾಲು ಊದುತ್ತದೆಯೇ, ಅಲ್ಲಿನ ಚಳಿ ತಡೆಯಬಹುದೇ ಎಂದೆಲ್ಲ ಅವರು ಕೇಳುತ್ತಾರೆ. ಆದರೆ ಅಲ್ಲಿ ಹೋದ ಮೇಲೆ ಮಕ್ಕಳು ಎಲ್ಲೆಲ್ಲಿ ಕರೆದುಕೊಂಡು ಹೋಗುತ್ತಾರೆಂಬುದು ಅವರಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಟೆಕ್ಸಾಸ್ ಕಡೆ ನೆಲೆಸಿದ ಮಕ್ಕಳಾದರೆ ಅಕ್ಟೋಬರ್ ಅಥವಾ ನವೆಂಬರಿನ ಒಂದು ಶುಕ್ರವಾರ ಕಾರಿನ ತುಂಬ ಸಾಮಾನು ತುಂಬಿ, ‘ರಿನೈಸಾನ್ಸ್ ಮೇಳಕ್ಕೆ ಹೋಗೋಣ, ಅಲ್ಲೇ ಡೇರೆ ಹಾಕಿ ಎರಡು ರಾತ್ರಿ ಉಳಿಯೋಣ’ ಎಂದು ಹೊರಡಿಸಬಹುದು. ಅಂಥ ಮೊದಲ ರಾತ್ರಿಯ ಬಗ್ಗೆ ಈ ವಾರ ನಾಲ್ಕು ಮಾತು.

ಏನಿದು ಮೇಳ? ಯುರೋಪಿನ ಪುನರುಜ್ಜೀವನ ಕಾಲದ, ಅದರಲ್ಲೂ ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಕಾಲದ ಸಂತೆಯನ್ನು ಅಭಿನಯಿಸಿ ತೋರಿಸುವ ಜಾಗ. 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಿಕ್ಷಕಿ ಮತ್ತು ಅವರ ಪತಿ ರಾನ್ ಪ್ಯಾಟರ್ಸನ್ ಕೆಪಿಎಫ್‌ಕೆ ಎಂಬ ರೇಡಿಯೋ ಕೇಂದ್ರಕ್ಕೆ ಹಣ ಕೂಡಿಸಲೆಂದು ಇಂಥ ಮೊದಲ ಮೇಳ ನಡೆಸಿದರು. ಅದು ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಹ್ಯೂಸ್ಟನ್ ನಗರದ ವಾಯವ್ಯಕ್ಕೆ ಟಾಡ್ ಮಿಷನ್ ಎಂಬ ಊರಿನಲ್ಲಿ 1974ರಲ್ಲಿ ಆರಂಭವಾದ ಟೆಕ್ಸಾಸ್ ಮೇಳ ಇವುಗಳಲ್ಲಿ ಬಹಳ ದೊಡ್ಡದು. ರಾಜ, ರಾಣಿ, ಕುದುರೆಯ ಮೇಲೆ ಈಟಿ ಹಿಡಿದ ಯೋಧರು, ಕುಲುಮೆ, ಕಂಬಾರ ಎಲ್ಲವೂ ಅಲ್ಲಿ ಉಂಟು. ನೋಡಲು ಬಂದವರೂ ವೇಷ ತೊಟ್ಟೇ ಬರುತ್ತಾರೆ. ಎಲ್ಲ ಮೇಳಗಳಲ್ಲೂ ರಾತ್ರಿ ತಂಗಲು ಅವಕಾಶವಿಲ್ಲ, ಇಲ್ಲಿ ಉಂಟು. ಹಗಲು ಮೇಳ, ರಾತ್ರಿ ಡೇರೆ.

ಬಹಳ ಸಂತೋಷದ ವಿಷಯವೇ. ಆದರೆ ಆ ಕಾಲವನ್ನು ಅಭಿನಯಿಸುವುದು ಬೇರೆ, ಆ ಕಾಲದಂತೆ ಬದುಕುವುದು ಬೇರೆ. ಎಲಿಜಬೆತ್ ರಾಣಿಯ ಹೆಸರಾಂತ ನಾವಿಕ ಫ್ರಾನ್ಸಿಸ್ ಡ್ರೇಕ್ ಸತ್ತದ್ದು ಕತ್ತಿಯಿಂದಲ್ಲ. 1596ರಲ್ಲಿ ಹಡಗಿನಲ್ಲೇ ರಕ್ತಭೇದಿಯಿಂದ. ಅದೇ ವರ್ಷ ರಾಣಿಯ ಧರ್ಮಪುತ್ರ ಜಾನ್ ಹ್ಯಾರಿಂಗ್ಟನ್ ನೀರು ಹಾಯಿಸಿ ತೊಳೆಯುವ ಶೌಚದ ವಿವರವನ್ನು ಪುಸ್ತಕವಾಗಿ ಪ್ರಕಟಿಸಿದ. ಜನ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆ ಕಾಲದ ಉಡುಪು, ಹಾಡು, ಊಟ ನಮಗಿರಲಿ. ನೀರು, ಬೆಂಕಿ, ಶುಚಿತ್ವದ ವಿಷಯದಲ್ಲಿ ಮಾತ್ರ ನಾವು ಇಂದಿನವರಾಗಿಯೇ ಇರಬೇಕು.

ಅಕ್ಕರೆ ತರುವ ಅಪಾಯ

ಮೇಳಕ್ಕೆ ಹೋಗುವವರು ಕತ್ತಿ, ಕುದುರೆ, ಜನಜಂಗುಳಿಗೆ ಹೆದರುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ರಾತ್ರಿ ಡೇರೆಯ ಜಿಪ್ ಎಳೆದುಕೊಂಡ ಮೇಲೆ. ಟೆಕ್ಸಾಸಿನ ಆ ಭಾಗದಲ್ಲಿ ಅಕ್ಟೋಬರಿನ ಹಗಲು 30 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ನವೆಂಬರಿನ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಹಗಲಿನ ಬಿಸಿಲು ನೋಡಿ ತೆಳುವಾದ ಹೊದಿಕೆ ತಂದವರು ನಡುರಾತ್ರಿ ನಡುಗುತ್ತಾರೆ. ಅಮ್ಮ ನಡುಗುವುದನ್ನು ಕಂಡ ಮಗ, ಸಂಜೆ ಅಡುಗೆ ಮಾಡಿದ ಇದ್ದಿಲ ಒಲೆಯನ್ನೋ ಗ್ಯಾಸ್ ಹೀಟರನ್ನೋ ಡೇರೆಯೊಳಗೆ ತಂದಿಡುತ್ತಾನೆ. ಅವನು ಹಾಗೆ ಮಾಡುವುದು ಉದಾಸೀನದಿಂದಲ್ಲ, ಅಕ್ಕರೆಯಿಂದ.

1999ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಎರಡು ವಾರದೊಳಗೆ ಇಂಥ ಎರಡು ದುರಂತಗಳು ನಡೆದವು. ಒಂದು ಡೇರೆಯಲ್ಲಿ ಒಬ್ಬ ಗಂಡಸು ಮತ್ತು ಮೂವರು ಮಕ್ಕಳು ಸತ್ತು ಮಲಗಿದ್ದರು. ಒಳಗೆ ಗ್ಯಾಸ್ ಒಲೆ ಇನ್ನೂ ಉರಿಯುತ್ತಿತ್ತು. ಇನ್ನೊಂದರಲ್ಲಿ ತಂದೆ ಮತ್ತು ಏಳು ವರ್ಷದ ಮಗ. ಹೊರಗೆ ಅಡುಗೆ ಮಾಡಿದ ಇದ್ದಿಲ ಒಲೆ ಒಳಗಿತ್ತು. ಎರಡೂ ಕಡೆ ಒಲೆಯನ್ನು ಒಳಗೆ ತಂದದ್ದು ಬೆಚ್ಚಗಿರಲೆಂದೇ ಎಂದು ತನಿಖೆ ನಡೆಸಿದವರು ಕಂಡುಕೊಂಡರು. ಎರಡೂ ಡೇರೆಗಳ ಜಿಪ್ ಮುಚ್ಚಿತ್ತು.

ಕಾರಣ ಕಾರ್ಬನ್ ಮೊನಾಕ್ಸೈಡ್. ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್ ಸರಿಯಾಗಿ ಗಾಳಿ ಸಿಗದೆ ಉರಿದಾಗ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಲೇ ಇರುತ್ತದೆ, ಮೆದುಳಿಗೂ ಹೃದಯಕ್ಕೂ ಆಮ್ಲಜನಕ ಮಾತ್ರ ತಲುಪುವುದಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದಿರಬಹುದು. ಹೊಗೆ ನಿಂತು ಕೆಂಡವಷ್ಟೇ ಉಳಿದ ಇದ್ದಿಲು ನೋಡಲು ಸಾಧು. ಆದರೆ ಹೊಗೆಯಿಲ್ಲದ ಆ ಕೆಂಡವೂ ಈ ಅನಿಲವನ್ನು ಧಾರಾಳವಾಗಿ ಬಿಡುತ್ತಿರುತ್ತದೆ.

ನಮ್ಮ ಹಿರಿಯರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಜಾತ್ರೆಯಲ್ಲಿ ಗಾಡಿಯ ಪಕ್ಕ ಬೆಂಕಿ ಹಾಕಿ ಮಲಗಿದ್ದೇವೆ, ಹಳೆಯ ಮನೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡಿದ್ದೇವೆ, ಏನೂ ಆಗಲಿಲ್ಲ ಎಂದು ಅವರು ಹೇಳಬಹುದು. ಗಾಡಿಯ ಪಕ್ಕದ್ದು ಬಯಲು. ಹೆಂಚಿನ ಮನೆಯ ಸಂದುಗಳಲ್ಲಿ ಗಾಳಿಯಾಡುತ್ತಿತ್ತು. ಆಗಲೂ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಸುರಕ್ಷಿತವಾಗಿರಲಿಲ್ಲ. ಈಗಿನ ನೈಲಾನ್ ಡೇರೆಯಂತೂ ನೆಲವೂ ಸೇರಿ ಹೊಲಿದ ಚೀಲ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕೆಂಬುದೂ ತಪ್ಪು. ಡೇರೆಯೊಳಗೆ ಉರಿಯುವ ಯಾವ ವಸ್ತುವೂ ಬೇಡ: ಇದ್ದಿಲು, ಗ್ಯಾಸ್ ಒಲೆ, ಹೀಟರ್, ಲಾಂದ್ರ, ‘ಆ ಕಾಲದ ಸೊಗಸಿಗೆ’ ಎಂದು ಹಚ್ಚುವ ಮೇಣದ ಬತ್ತಿ, ಯಾವುದೂ ಬೇಡ. ಪಕ್ಕದಲ್ಲಿ ಕಾರಿನ ಎಂಜಿನ್ ಅಥವಾ ಜನರೇಟರ್ ಓಡುತ್ತಿದ್ದರೆ ಅದರ ಹೊಗೆಯೂ ಒಳಗೆ ಬಂದೀತು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಅಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಒಂದನ್ನು ಒಯ್ಯುವುದು ಒಳ್ಳೆಯದು. ಆದರೆ ಗಂಟೆಯಿದೆಯೆಂದು ಬೆಂಕಿ ಇಡಬಾರದು.

ಚಳಿಗೆ ಬೇರೆ ಉಪಾಯಗಳಿವೆ. ನೆಲ ಮೈಯ ಶಾಖವನ್ನು ಹೀರುವುದರಿಂದ ಮೇಲಿನ ಹೊದಿಕೆಯಷ್ಟೇ ಕೆಳಗಿನ ಹಾಸಿಗೆಯೂ ಮುಖ್ಯ. ದಪ್ಪ ಫೋಮ್ ಚಾಪೆ ಇರಲಿ. ಹಗಲು ಬೆವರಿದ ವೇಷ ಕಳಚಿ ಒಣ ಬಟ್ಟೆ ಹಾಕಿಕೊಳ್ಳಿ. ತಲೆಗೆ ಟೋಪಿ, ಕಾಲಿಗೆ ಉಣ್ಣೆಯ ಚೀಲ. ಬಿಸಿನೀರನ್ನು ಭದ್ರ ಮುಚ್ಚಳದ ಶೀಸೆಯಲ್ಲಿ ತುಂಬಿ ಬಟ್ಟೆ ಸುತ್ತಿ ಇಟ್ಟುಕೊಳ್ಳಬಹುದು. ಆದರೂ ತಡೆಯದಿದ್ದರೆ ಎಬ್ಬಿಸಿ ಹೇಳಿ. ಮಕ್ಕಳ ನಿದ್ದೆ ಕೆಡುತ್ತದೆಂಬ ದಾಕ್ಷಿಣ್ಯ ಬೇಡ. ಹತ್ತಿರದ ಮೋಟೆಲಿಗೆ ಹೋಗಿ ಮಲಗಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಬೆಳಗಿನ ತಲೆನೋವು

ಮೇಳಗಳಲ್ಲಿ ಜೇನಿನಿಂದ ತಯಾರಿಸಿದ ಮೀಡ್ ಎಂಬ ಮದ್ಯ, ಬಿಯರ್ ಎಲ್ಲ ದೊರೆಯುತ್ತವೆ. ಕುಡಿದಾಗ ಮೈ ಬೆಚ್ಚಗಾದಂತೆ ತೋರುತ್ತದೆ. ನಿಜವಾಗಿ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ಚಳಿಗೆ ಮದ್ಯ ಮದ್ದಲ್ಲ.

ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಕಾರ್ಬನ್ ಮೊನಾಕ್ಸೈಡ್ ನಂಜಿನ ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಹಿಂದಿನ ರಾತ್ರಿ ಕುಡಿದವರ ಬೆಳಗಿನ ಲಕ್ಷಣಗಳೂ ಇವೇ! ಎಲ್ಲರೂ ನಗುತ್ತಾ ‘ಮಲಗಿರಲಿ ಬಿಡಿ’ ಎಂದು ಡೇರೆಯ ಬಾಗಿಲು ಮುಚ್ಚಿ ಹೋಗಬಹುದು. ಮುಟ್ಟಿ ನೋಡಿದರೆ ಜ್ವರವಿಲ್ಲ. ಹಾಗಾದರೆ ಗುರುತಿಸುವುದು ಹೇಗೆ? ಒಂದೇ ಡೇರೆಯಲ್ಲಿ ಮಲಗಿದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದಿದ್ದರೆ, ಕುಡಿಯದ ಅಜ್ಜಿಗೂ ಮಗುವಿಗೂ ಬಂದಿದ್ದರೆ, ಹೊರಗೆ ಬಂದಾಗ ಕಡಿಮೆಯಾದರೆ, ಅನಿಲವನ್ನೇ ಅನುಮಾನಿಸಬೇಕು. ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು 911ಕ್ಕೆ ಫೋನು ಮಾಡಿ.

ಕೊರೋನಾ ಕಾಲದಲ್ಲಿ ಹಲವು ಮನೆಗಳು ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊಂಡವು. ಕೆಲವರು ಅದನ್ನು ಪ್ರವಾಸಕ್ಕೂ ಒಯ್ಯುತ್ತಾರೆ. ಈ ನಂಜಿನಲ್ಲಿ ಅದನ್ನು ನಂಬಬಾರದು. ಹಿಮೋಗ್ಲೋಬಿನ್ ಹಿಡಿದಿರುವುದು ಆಮ್ಲಜನಕವನ್ನೋ ಕಾರ್ಬನ್ ಮೊನಾಕ್ಸೈಡನ್ನೋ ಎಂಬುದು ಆ ಪುಟ್ಟ ಯಂತ್ರಕ್ಕೆ ತಿಳಿಯದು. ರೋಗಿ ಕುಸಿಯುತ್ತಿದ್ದರೂ 98 ಎಂದು ತೋರಿಸೀತು. ಆಸ್ಪತ್ರೆಯ ರಕ್ತಪರೀಕ್ಷೆಯೇ ಬೇಕು. ಸಾಧಾರಣ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕಾದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಒಂದು, ಒಂದೂವರೆ ಗಂಟೆ ಸಾಕು. ಬೇಗ ತಲುಪುವುದರಲ್ಲೇ ಜೀವವಿದೆ.

ಕೈ, ನೀರು, ಬುತ್ತಿ

ಸಾವಿರಾರು ಜನ ಸೇರುವಲ್ಲಿ ತಾತ್ಕಾಲಿಕ ಶೌಚಾಲಯಗಳೇ ಗತಿ. ವಾಂತಿಭೇದಿ ತರುವ ನೊರೋವೈರಸ್‌ಗೆ ಆಲ್ಕೋಹಾಲಿನ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ. ಊಟಕ್ಕೆ ಮೊದಲು, ಶೌಚದ ನಂತರ, ಕುದುರೆಯಂಥ ಪ್ರಾಣಿಗಳನ್ನು ಮುಟ್ಟಿದ ಮೇಲೆ ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಡೇರೆಯ ಬಳಿ ನಲ್ಲಿಯಿರುವ ಒಂದು ಕ್ಯಾನ್ ನೀರು, ಒಂದು ಸೋಪು ಇಟ್ಟರೆ ಕೆಲಸ ಸುಲಭ.

ನಮ್ಮವರು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗದೆ ಇರುವುದಿಲ್ಲ. ಬೇಯಿಸಿದ ಅನ್ನ ಬಿಸಿಲಿನಲ್ಲಿ ಉಳಿದರೆ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಅದರಲ್ಲಿ ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಆಹಾರ ಹೊರಗಿರುವುದು ಎರಡು ಗಂಟೆ ಮೀರಬಾರದು; ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಐಸ್ ಪೆಟ್ಟಿಗೆಯೊಳಗೆ 4 ಡಿಗ್ರಿಯ ಆಸುಪಾಸು ಇರಬೇಕು. ಮೇಳದಲ್ಲಿ ಕೊಂಡ ಟರ್ಕಿ ಕೋಳಿಯ ದೊಡ್ಡ ಕಾಲನ್ನು ಅರ್ಧ ತಿಂದು ರಾತ್ರಿಗೆಂದು ಎತ್ತಿಡುವ ಅಭ್ಯಾಸಕ್ಕೂ ಇದೇ ಮಾತು. ಮೊದಲ ಸಲ ಹೋಗುವವರು ಚಪಾತಿ, ಅವಲಕ್ಕಿ, ಹಣ್ಣು, ಕಡಲೆಬೀಜದಂಥವನ್ನು ಒಯ್ದರೆ ಕ್ಷೇಮ.

ಹಗಲಿನಲ್ಲಿ ಉಣ್ಣೆಯ ನಿಲುವಂಗಿ, ಬಿಗಿದು ಕಟ್ಟಿದ ಕುಪ್ಪಸ ತೊಟ್ಟು ಬಿಸಿಲಲ್ಲಿ ನಡೆದವರು ತಲೆತಿರುಗಿ ಬೀಳಬಹುದು. ಬಾಯಾರುವ ಮೊದಲೇ ನೀರು ಕುಡಿಯಿರಿ. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದೆಂದು ಅರ್ಥ. ಹೊಸ ಬೂಟು ಆ ದಿನವೇ ಮೊದಲು ಹಾಕಬೇಡಿ.

ಟೆಕ್ಸಾಸಿನ ನೆಲದಲ್ಲಿ ಬೆಂಕಿ ಇರುವೆಗಳೆಂಬ ಕೆಂಪಿರುವೆಗಳಿವೆ. ಇವು ದಕ್ಷಿಣ ಅಮೆರಿಕದಿಂದ ಬಂದು ನೆಲೆಯೂರಿದವು. ಸಡಿಲ ಮಣ್ಣಿನ ಗುಪ್ಪೆ ಕಂಡಲ್ಲಿ ಡೇರೆ ಹಾಕಬಾರದು. ಕುಟುಕಿದಲ್ಲಿ ಮಾರನೆಯ ದಿನ ಬಿಳಿಯ ಗುಳ್ಳೆ ಏಳುತ್ತದೆ, ಒಡೆಯದೆ ಬಿಡಿ. ಆದರೆ ಕುಟುಕಿದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟಿದಂತಾದರೆ ಅದು ತೀವ್ರ ಅಲರ್ಜಿ. ಕೂಡಲೇ 911.

ಸಕ್ಕರೆ ಕಾಯಿಲೆಯವರಿಗೆ

ಇನ್ಸುಲಿನ್ ಬಿಸಿಲಿಗೂ ಹಾಳು, ಹೆಪ್ಪುಗಟ್ಟಿದರೂ ಹಾಳು. ಕಾರಿನಲ್ಲಿ ಬಿಡಬೇಡಿ; ಐಸ್ ತುಂಡಿಗೆ ತಾಗುವಂತೆಯೂ ಇಡಬೇಡಿ, ಬಟ್ಟೆಯಲ್ಲಿ ಸುತ್ತಿಡಿ. ದಿನವಿಡೀ ನಡೆದದ್ದು, ಊಟ ಹೊತ್ತಾದದ್ದು, ಅದರ ಮೇಲೆ ಮದ್ಯ, ಇವು ಸೇರಿದರೆ ನಡುರಾತ್ರಿ ರಕ್ತದ ಸಕ್ಕರೆ ಕುಸಿಯುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಲಗುವ ಮುನ್ನ ಸಕ್ಕರೆ ನೋಡಿಕೊಳ್ಳಲಿ, ಗ್ಲೂಕೋಸ್ ದಿಂಬಿನ ಪಕ್ಕದಲ್ಲಿರಲಿ. ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಜೇಬಿನಲ್ಲಿರಲಿ. ವೇಷದ ಉಡುಪಿಗೆ ಜೇಬಿಲ್ಲದಿದ್ದರೆ ಕತ್ತಿಗೆ ತೂಗುಹಾಕಿದರೂ ಸರಿ!

ಹೋಗುವುದೇ ಬೇಡವೆಂದು ಯಾರೂ ತಿಳಿಯಬಾರದು. ಮೊಮ್ಮಕ್ಕಳೊಡನೆ ರಾಜರಾಣಿಯರ ಮೆರವಣಿಗೆ ನೋಡುವ ಸುಖ ದೊಡ್ಡದು. ನನ್ನ ಅಭಿಪ್ರಾಯ ಇಷ್ಟೆ: ಮೊದಲ ಸಲ ಒಂದೇ ರಾತ್ರಿ ಸಾಕು, ಅದೂ ಹವಾಮಾನ ಹಿತವಾಗಿರುವ ವಾರ. ಈಚೆಗೆ ಹೃದಯಾಘಾತವಾದವರು, ಉಬ್ಬಸ ಹತೋಟಿಗೆ ಬಾರದವರು, ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಏಳುವವರು ಹಗಲು ಮೇಳ ನೋಡಿ ರಾತ್ರಿ ಮಂಚದ ಮೇಲೆ ಮಲಗಲಿ. ಇಷ್ಟೆಲ್ಲ ಎಚ್ಚರ ವಹಿಸಿದರೆ ಹಳೆಯ ಕಾಲದ ಮಜಾ ಎಲ್ಲಿ ಉಳಿಯಿತೆಂದು ಯುವಕರು ಕೇಳಬಹುದು. ಹಳೆಯ ಕಾಲದವರಿಗೆ ಆಯ್ಕೆಯಿರಲಿಲ್ಲ, ನಮಗಿದೆ.

ಮಕ್ಕಳು ವಿದೇಶದಲ್ಲಿರುವ ತಂದೆತಾಯಿಯರು ಫೋನಿನಲ್ಲಿ ‘ಊಟ ಆಯಿತೇ?’ ಎಂದು ಕೇಳುವುದುಂಟು. ಅವರು ಡೇರೆ ಹಾಕಲು ಹೊರಟಿದ್ದಾರೆಂದು ತಿಳಿದ ದಿನ ಇನ್ನೊಂದು ಮಾತು ಸೇರಿಸಿ: ‘ಒಲೆ ಹೊರಗೇ ಇರಲಿ.’