ಕಪ್ಪು ಕೂದಲಿನ ಬಯಕೆ

ಸೀಮಂತದ ದಿನ ಗೊತ್ತಾಯಿತೆಂದರೆ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಸೀರೆ, ಹೂವು, ಹಸಿರು ಬಳೆಗಳ ಮಾತಿನೊಡನೆ ಈಗ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. ಮೂವತ್ತು ದಾಟಿ ಗರ್ಭಿಣಿಯಾದ ಮಗಳ ಬೈತಲೆಯಲ್ಲಿ ನಾಲ್ಕಾರು ಬೆಳ್ಳಿಯ ಎಳೆಗಳು ಕಾಣಿಸಿಕೊಂಡಿರುತ್ತವೆ. ಬಣ್ಣ ಹಚ್ಚಬಹುದೆ? ಮಗುವಿಗೆ ತೊಂದರೆಯಾದೀತೆ? ಅತ್ತೆಯವರು ಬೇಡವೆನ್ನುತ್ತಾರೆ, ಗೆಳತಿಯರು ಏನೂ ಆಗದೆನ್ನುತ್ತಾರೆ. ಕೊನೆಗೆ, "ಕಪ್ಪು ಮೆಹೆಂದಿ ಹಚ್ಚಿದರಾಯಿತು, ಅದು ಗಿಡಮೂಲಿಕೆಯಲ್ಲವೆ?" ಎಂದು ರಾಜಿಯಾಗುತ್ತದೆ. ಈ ರಾಜಿಯನ್ನೇ ಸ್ವಲ್ಪ ಪರಿಶೀಲಿಸಬೇಕಾಗಿದೆ.

ಮದರಂಗಿ ಎಲೆ ಕೊಡುವುದು ಕೆಂಗಂದು ಬಣ್ಣವನ್ನು ಮಾತ್ರ. ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯ ಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ಚಹದ ಕಷಾಯದೊಡನೆ ರಾತ್ರಿಯೆಲ್ಲ ನೆನೆಸಿದರೂ ಬಣ್ಣ ತುಸು ಗಾಢವಾದೀತೇ ಹೊರತು ಕಾಡಿಗೆಯಂತಾಗದು. ಅರ್ಧ ಗಂಟೆಯೊಳಗೆ ಕೂದಲನ್ನು ಕಪ್ಪಾಗಿಸುವ 'ಕಪ್ಪು ಮೆಹೆಂದಿ'ಯ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಪಿ.ಪಿ.ಡಿ. ಎಂಬ ರಾಸಾಯನಿಕ ಬೆರೆತಿರುತ್ತದೆ. ಪ್ಯಾರಾಫಿನೈಲೀನ್ ಡಯಮೀನ್ ಎಂಬುದು ಅದರ ಪೂರ್ಣ ನಾಮಧೇಯ. ಹೆಸರು ಎಲೆಯದು, ಕೆಲಸ ರಾಸಾಯನಿಕದ್ದು!

ಈ ವಸ್ತು ಬಹುಮಂದಿಗೆ ಒಗ್ಗುತ್ತದೆ. ಒಗ್ಗದವರಿಗೆ ನೆತ್ತಿ, ಕಿವಿ, ಹಣೆಯ ಅಂಚುಗಳಲ್ಲಿ ತುರಿಕೆ, ಗುಳ್ಳೆ. ಕೆಲವೊಮ್ಮೆ ಕಣ್ಣು ಮುಚ್ಚಿಹೋಗುವಷ್ಟು ಮುಖದ ಬಾವು. ವರ್ಷಗಟ್ಟಲೆ ನಿರಾತಂಕವಾಗಿ ಹಚ್ಚಿಕೊಂಡವರಿಗೂ ಒಂದು ದಿನ ಹೀಗಾಗಬಹುದು. ಆದ್ದರಿಂದಲೇ ನಮ್ಮ ದೇಶದ ನಿಯಮಗಳು ಇಂಥ ಬಣ್ಣದ ಪೊಟ್ಟಣದಲ್ಲಿ ಎಚ್ಚರಿಕೆಯ ಮಾತೂ ಪರೀಕ್ಷೆಯ ಕ್ರಮವೂ ಇರಬೇಕೆಂದು ವಿಧಿಸಿವೆ. ಆ ಕ್ರಮ ಬಹು ಸುಲಭ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಜಾಗವನ್ನು ಸಾಬೂನಿನಿಂದ ತೊಳೆದು, ಕಲಸಿದ ಬಣ್ಣವನ್ನು ಸವರಿ ಒಣಗಲು ಬಿಡಬೇಕು. 24 ಗಂಟೆಗಳ ಅನಂತರ ತೊಳೆದು ನೋಡಬೇಕು. ಇನ್ನೂ ಒಂದು ದಿನ ಕಾದರೆ ಮತ್ತೂ ಒಳ್ಳೆಯದು. ಕೆಂಪಾಗದೆ, ತುರಿಸದೆ ಇದ್ದರೆ ಮುಂದುವರಿಯಬಹುದು. ಪ್ರತಿ ಸಲವೂ ಈ ಪರೀಕ್ಷೆ ಅಗತ್ಯ. ಹುಬ್ಬು ರೆಪ್ಪೆಗಳಿಗಂತೂ ಈ ಬಣ್ಣ ಕೂಡದು, ದೃಷ್ಟಿಗೇ ಅಪಾಯ.

ಇನ್ನು ಗರ್ಭಿಣಿಯರ ವಿಚಾರ. ನೆತ್ತಿಯ ಚರ್ಮದ ಮೂಲಕ ದೇಹವನ್ನು ಸೇರುವ ಬಣ್ಣದ ಅಂಶ ಅತ್ಯಲ್ಪ. ಎಂದಾದರೊಮ್ಮೆ ಹಚ್ಚಿಕೊಳ್ಳುವುದರಿಂದ ಗರ್ಭಸ್ಥ ಶಿಶುವಿಗೆ ಕೇಡಾಗುತ್ತದೆಂಬುದಕ್ಕೆ ಸ್ಪಷ್ಟವಾದ ಆಧಾರ ದೊರೆತಿಲ್ಲ. ಗರ್ಭ ನಿಂತಿದೆಯೆಂದು ತಿಳಿಯುವ ಮುನ್ನ ಬಣ್ಣ ಹಚ್ಚಿಕೊಂಡು, ಆಮೇಲೆ ನಿದ್ರೆಗೆಟ್ಟು ಕೊರಗುವ ಸೋದರಿಯರು ಮೊದಲು ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲಿ. ಆದರೂ ಶಿಶುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ 12 ವಾರಗಳಲ್ಲಿ ಬೇಡವೆಂದು ಅನೇಕ ವೈದ್ಯರು ಹೇಳುವುದುಂಟು. ಸೀಮಂತದ ವೇಳೆಗೆ ಆ ಅವಧಿ ಹೇಗೂ ಕಳೆದಿರುತ್ತದೆ. ಆಗ ಹಚ್ಚುವುದಾದರೆ ಕಿಟಕಿಗಳನ್ನು ತೆರೆದಿಡಿ, ಕೈಚೀಲ ಧರಿಸಿ, ಹೇಳಿದ ಹೊತ್ತಿಗಿಂತ ಹೆಚ್ಚು ಬಿಡದೆ ಚೆನ್ನಾಗಿ ತೊಳೆಯಿರಿ. ಗರ್ಭಕಾಲದಲ್ಲಿ ಚರ್ಮದ ಸ್ವಭಾವ ಬದಲಾಗಬಹುದಾದ್ದರಿಂದ ಹಿಂದೆ ಒಗ್ಗಿತ್ತೆಂದು ಪರೀಕ್ಷೆಯನ್ನು ಬಿಡಬೇಡಿ. ಬೇರೇನೂ ಬೆರೆಸದ ಮದರಂಗಿಯ ಕೆಂಪು ಒಪ್ಪಿಗೆಯಾದರೆ ಅದೇ ಮೇಲು.

ದಿನವೂ ಹತ್ತಾರು ತಲೆಗಳಿಗೆ ಬಣ್ಣ ಹಚ್ಚುವ ಸೌಂದರ್ಯಾಲಯದ ಹೆಣ್ಣುಮಕ್ಕಳ ಮಾತು ಬೇರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವೃತ್ತಿಯವರಿಗೆ ಕ್ಯಾನ್ಸರಿನ ಸಂಭವವನ್ನು ಗುರುತಿಸಿತು. ತಮ್ಮ ತಲೆಗೆ ಮಾತ್ರ ಹಚ್ಚಿಕೊಳ್ಳುವವರ ವಿಷಯದಲ್ಲಿ ಹಾಗೆ ಹೇಳಲು ಸಾಕಷ್ಟು ಪ್ರಮಾಣವಿಲ್ಲವೆಂದಿತು. ಅವರಲ್ಲಿ ಗರ್ಭಿಣಿಯರಿದ್ದರೆ ಕೈಚೀಲವೂ ಗಾಳಿಯಾಡುವ ಕೋಣೆಯೂ ನಡುನಡುವೆ ವಿಶ್ರಾಂತಿಯೂ ಅವರಿಗೆ ಸಲ್ಲಲೇಬೇಕಾದ ಅನುಕೂಲಗಳು.

ಮಗು ಹುಟ್ಟಿದ ಮೇಲೆ ಎರಡು ಎಚ್ಚರಗಳು. ಹಸುಗೂಸಿನ ಅಂಗೈ ಅಂಗಾಲಿಗೆ ಶುದ್ಧ ಮದರಂಗಿಯನ್ನೂ ಬಳಿಯಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು. ಬಣ್ಣದ ಸೀಸೆಯನ್ನು ಬೀಗದೊಳಗೆ ಇಡಿ. ಪಿ.ಪಿ.ಡಿ. ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ಕಟ್ಟುವುದು, ಮೂತ್ರಪಿಂಡಗಳು ಕೆಡುವುದು ಉಂಟು. ಅದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಹಾಗೇನಾದರೂ ಆದರೆ ಮನೆಮದ್ದಿನಲ್ಲಿ ಒಂದು ಕ್ಷಣವನ್ನೂ ಕಳೆಯದೆ, ಸೀಸೆಯನ್ನೂ ಜೊತೆಗೆ ಹಿಡಿದು ದೊಡ್ಡ ಆಸ್ಪತ್ರೆಗೆ ಧಾವಿಸಬೇಕು.