ವಿದ್ಯುತ್ ಕಾರಿನ ರಿಪೇರಿ ಫಜೀತಿ

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್, ಕವಾಟ, ಕ್ರ್ಯಾಂಕ್, ಗೇರು, ಪಂಪು ಎಂದು ಚಲಿಸುವ ಭಾಗಗಳು ನೂರಾರು. ವಿದ್ಯುತ್ ಮೋಟಾರಿನಲ್ಲಿ ತಿರುಗುವುದು ಮುಖ್ಯವಾಗಿ ಒಂದೇ ಭಾಗ, ಅದರ ರೋಟರ್. ಎಂಜಿನ್ ಆಯಿಲ್ ಬದಲಿಸಬೇಕಿಲ್ಲ, ಸ್ಪಾರ್ಕ್ ಪ್ಲಗ್ ಉಜ್ಜಬೇಕಿಲ್ಲ, ಸೈಲೆನ್ಸರ್ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಈ ಲೆಕ್ಕದಲ್ಲಿ ವಿದ್ಯುತ್ ಕಾರು ಕೊಂಡವರು ಗ್ಯಾರೇಜಿನ ದಾರಿಯನ್ನೇ ಮರೆತುಬಿಡಬೇಕು. ಆದರೆ ಕಾರು ಕೊಂಡ ಮನೆಗಳಲ್ಲಿ ಕೇಳಿಬರುವ ದೂರು ಬೇರೆಯೇ. ಕೆಡುವುದು ಅಪರೂಪ, ನಿಜ. ಕೆಟ್ಟಿತೆಂದರೆ ಮಾತ್ರ ಸರಿಮಾಡುವವರು ಊರಿನಲ್ಲಿ ಸಿಗುವುದಿಲ್ಲ. ದೂರದ ನಗರಕ್ಕೆ ಲಾರಿಯ ಮೇಲೆ ಹೇರಿ ಕಳಿಸಬೇಕು. ಅಲ್ಲಿ ಬಿಡಿಭಾಗ ಬರಲಿ ಎಂದು ವಾರಗಟ್ಟಲೆ ಕಾಯಬೇಕು. ಸಾಲ ಮಾಡಿ ಕೊಂಡ ವಾಹನ ಶೋರೂಮಿನ ಹಿತ್ತಲಲ್ಲಿ ಧೂಳು ಹಿಡಿದು ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಇದೇಕೆ ಹೀಗೆ?

ಉತ್ತರ ಹುಡುಕಲು ಅಮೆರಿಕಕ್ಕೆ ಹೋಗುವ ಮೊದಲು ಬೆಂಗಳೂರಿಗೆ ಹೋಗುವುದು ಒಳ್ಳೆಯದು. 2001ರಲ್ಲಿ ಅಲ್ಲಿನ ರಸ್ತೆಗೆ ಇಳಿದ ರೇವಾ ಎಂಬ ಪುಟ್ಟ ಕಾರು ಹಲವರಿಗೆ ನೆನಪಿರಬಹುದು. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಒಂದು ಕಂಪನಿಯ ಜೊತೆಗೂಡಿ 1994ರಲ್ಲಿ ಸ್ಥಾಪಿಸಿದ ಸಂಸ್ಥೆ ಇದನ್ನು ತಯಾರಿಸಿತು. ಲಂಡನ್ನಿನ ಬೀದಿಗಳಲ್ಲಿಯೂ ಇದು ಜಿ-ವಿಜ್ ಎಂಬ ಹೆಸರಿನಿಂದ ಓಡಿತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಬಂತು.

ರೇವಾ ಕಾರಿನ ಮುಂದಿನ ಆಸನಗಳ ಕೆಳಗೆ ತಲಾ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು ಇರುತ್ತಿದ್ದವು. ಎಲ್ಲವೂ ಸರಣಿ ಜೋಡಣೆಯಲ್ಲಿ. ಎಂದರೆ ಒಟ್ಟು 48 ವೋಲ್ಟ್. ಒಂದೊಂದು ಬ್ಯಾಟರಿಯೊಳಗೆ 2 ವೋಲ್ಟಿನ ಮೂರು ಕೋಶಗಳು, ಹೀಗಾಗಿ ಒಟ್ಟು 24 ಕೋಶಗಳು ಒಂದರ ಹಿಂದೆ ಒಂದು. ಹತ್ತನೆಯ ತರಗತಿಯ ಪಾಠ ಇಲ್ಲಿ ನೆನಪಾಗಬೇಕು: ಸರಣಿ ಜೋಡಣೆಯಲ್ಲಿ ಎಲ್ಲ ಕೋಶಗಳ ಮೂಲಕ ಹರಿಯುವ ವಿದ್ಯುತ್ ಪ್ರವಾಹ ಒಂದೇ. ಬಲವುಳ್ಳದ್ದಕ್ಕೆ ಹೆಚ್ಚು, ಬಲಹೀನಕ್ಕೆ ಕಡಿಮೆ ಎಂಬ ದಯೆ ಅಲ್ಲಿಲ್ಲ. ಗಾಡಿಗೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದು ಎಷ್ಟು ಗಟ್ಟಿಯಾಗಿದ್ದರೂ ಗಾಡಿ ಕುಂಟುತ್ತಲೇ ಸಾಗುತ್ತದೆ. 24 ಕೋಶಗಳಲ್ಲಿ ಒಂದು ಸೊರಗಿದರೂ ಅದು ಬೇಗ ಬರಿದಾಗುತ್ತದೆ. ಉಳಿದವು ಅದರ ಮೂಲಕವೇ ಪ್ರವಾಹವನ್ನು ತಳ್ಳುವುದರಿಂದ ಅದು ಮತ್ತಷ್ಟು ಹಾಳಾಗುತ್ತದೆ. ಹಾಗೆಂದು ಕೆಟ್ಟ ಬ್ಯಾಟರಿಯೊಂದನ್ನೇ ತೆಗೆದು ಹೊಸದನ್ನು ಕೂರಿಸಿದರೆ, ಏಳು ಮುದುಕರ ನಡುವೆ ಒಬ್ಬ ಹುಡುಗ ಸೇರಿದಂತೆ, ಹೊಂದಾಣಿಕೆಯಾಗುವುದಿಲ್ಲ. ಆದ್ದರಿಂದಲೇ ಮಾಲೀಕರು ಕೆಲವು ವರ್ಷಕ್ಕೊಮ್ಮೆ ಎಂಟನ್ನೂ ಒಟ್ಟಿಗೆ ಬದಲಿಸುವ ಖರ್ಚಿಗೆ ಸಿದ್ಧರಿರಬೇಕಾಗಿತ್ತು. ತಿಂಗಳ ಪೆಟ್ರೋಲಿನಲ್ಲಿ ಉಳಿದ ಹಣ ಒಂದೇ ದಿನ ಹೋಗುತ್ತಿತ್ತು ಎಂಬುದು ಆ ಕಾಲದ ಗೊಣಗಾಟ.

ಆದರೂ ಆ ಹಳೆಯ ಬ್ಯಾಟರಿಗೆ ಒಂದು ಗುಣವಿತ್ತು. ಅದನ್ನು ಪರೀಕ್ಷಿಸುವುದು ಯಾರಿಗೂ ಸಾಧ್ಯವಿತ್ತು. ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಬಿಟ್ಟರೆ ಆಮ್ಲದ ಸಾಪೇಕ್ಷ ಸಾಂದ್ರತೆ ತಿಳಿಯುತ್ತಿತ್ತು. ಪೂರ್ಣ ಚಾರ್ಜ್ ಆದಾಗ ಸುಮಾರು 1.28, ಬರಿದಾದಾಗ 1.12ರ ಆಸುಪಾಸು. ಉಳಿದೆಲ್ಲ ಕೋಶಗಳು 1.26 ತೋರಿಸಿ ಒಂದು ಮಾತ್ರ 1.15ಕ್ಕೆ ನಿಂತಿದ್ದರೆ ಕಳ್ಳ ಸಿಕ್ಕಿಬಿದ್ದಂತೆಯೇ. ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯವರಿಗೂ ಈ ವಿದ್ಯೆ ಗೊತ್ತಿತ್ತು. ಡಿಸ್ಟಿಲ್ಡ್ ನೀರು ಹಾಕುವುದನ್ನು ಮರೆತವರೂ ತಪ್ಪು ಎಲ್ಲಿ ಆಯಿತೆಂದು ತಿಳಿದುಕೊಳ್ಳಬಹುದಿತ್ತು.

ಈಗಿನ ಲಿಥಿಯಂ-ಅಯಾನು ಬ್ಯಾಟರಿಯಲ್ಲಿ ಆ ಬಾಗಿಲು ಮುಚ್ಚಿದೆ. 2010ರ ಕೊನೆಯಲ್ಲಿ ಮಾರಾಟಕ್ಕೆ ಬಂದ ನಿಸಾನ್ ಕಂಪನಿಯ ಲೀಫ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದರ ಮೊದಲ ಮಾದರಿಯ ಬ್ಯಾಟರಿ ಪೆಟ್ಟಿಗೆಯಲ್ಲಿ 192 ಕೋಶಗಳು. ಎರಡೆರಡನ್ನು ಸಮಾಂತರವಾಗಿ ಜೋಡಿಸಿ, ಅಂಥ 96 ಜೋಡಿಗಳನ್ನು ಸರಣಿಯಲ್ಲಿ ಕಟ್ಟಲಾಗಿದೆ. ಒಂದು ಕೋಶದ ವಿಭವಾಂತರ ಸುಮಾರು 3.75 ವೋಲ್ಟ್. 96ರಿಂದ ಗುಣಿಸಿದರೆ 360 ವೋಲ್ಟ್.

ಇದು ಮನೆಯ 230 ವೋಲ್ಟಿಗಿಂತ ಸ್ವಲ್ಪ ಹೆಚ್ಚು ತಾನೆ ಎಂದು ಹಗುರವಾಗಿ ಕಾಣಬಾರದು. ಮನೆಯದು ಪರ್ಯಾಯ ಪ್ರವಾಹ, ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಸ್ವಿಚ್ಚಿನಲ್ಲಿ ಕಿಡಿ ಹಾರಿದರೂ ಆ ಸೊನ್ನೆಯಲ್ಲಿ ಆರುವ ಅವಕಾಶವಿದೆ. ಕಾರಿನ ಬ್ಯಾಟರಿಯದು ಏಕಮುಖ ಪ್ರವಾಹ. ಅದು ಸೊನ್ನೆಗೆ ಬರುವುದೇ ಇಲ್ಲ. ತಂತಿ ಬಿಡಿಸುವಾಗ ಎದ್ದ ಕಿಡಿ ಉರಿಯುತ್ತಲೇ ಇರಬಲ್ಲದು. ಆದ್ದರಿಂದ ಆ ತಂತಿಗಳಿಗೆ ಎಚ್ಚರಿಕೆಯ ಕಿತ್ತಳೆ ಬಣ್ಣದ ಹೊದಿಕೆ. ತರಬೇತಾದ ಮೆಕ್ಯಾನಿಕ್ ಮೊದಲು ರಬ್ಬರ್ ಕೈಗವಸು ತೊಟ್ಟು ಬ್ಯಾಟರಿಯ ಸಂಪರ್ಕ ತಪ್ಪಿಸುವ ಪ್ಲಗ್ ಎಳೆದು, ಹಲವು ನಿಮಿಷ ಸುಮ್ಮನೆ ಕಾಯುತ್ತಾನೆ. ಕಾರಣ, ಪ್ಲಗ್ ಎಳೆದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರುತ್ತದೆ. ನಂತರ ಮೀಟರ್ ಹಿಡಿದು ಸೊನ್ನೆಯಾದದ್ದನ್ನು ಖಚಿತಪಡಿಸಿಕೊಂಡೇ ಕೈ ಹಾಕುತ್ತಾನೆ. ಬೀದಿ ಕೊನೆಯ ಗ್ಯಾರೇಜಿನವನು ಎಷ್ಟೇ ಜಾಣನಾಗಿರಲಿ, ಈ ತರಬೇತಿಯಿಲ್ಲದೆ ಪೆಟ್ಟಿಗೆ ಬಿಚ್ಚಲು ಹೇಳುವುದು ಅವನ ಪ್ರಾಣದೊಡನೆ ಆಟವಾಡಿದಂತೆ. ನಾಲ್ಕು ಕಾಸು ಉಳಿಯುತ್ತದೆಂದು ಯಾರೂ ಇದಕ್ಕೆ ಒತ್ತಾಯಿಸಬಾರದು.

ಲೀಫ್ ಕಾರಿನ ಕಥೆ ಇನ್ನೊಂದು ಕಾರಣಕ್ಕೂ ಸ್ವಾರಸ್ಯವಾಗಿದೆ. ಆ ಬ್ಯಾಟರಿಯನ್ನು ತಂಪುಮಾಡುವ ವಿಶೇಷ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದ ಬೇಸಿಗೆ ಎಂದರೆ ರಾಯಚೂರಿನ ಮೇ ತಿಂಗಳಿಗೂ ಒಂದು ಕೈ ಮೇಲು. 2012ರಲ್ಲಿ ಅಲ್ಲಿನ ಮಾಲೀಕರು ಕಾರಿನ ಫಲಕದ ಗೆರೆಗಳು ಒಂದೊಂದಾಗಿ ಮಾಯವಾಗುವುದನ್ನು ಕಂಡರು. ಬ್ಯಾಟರಿಯ ಧಾರಣ ಸಾಮರ್ಥ್ಯವನ್ನು ತೋರಿಸುವ ಗೆರೆಗಳು ಹೊಸ ಕಾರಿನಲ್ಲಿ 12 ಇರುತ್ತವೆ. ಶಾಖ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುತ್ತದೆ. ಬೇಡದ ಉಪಕ್ರಿಯೆಗಳ ವೇಗವೂ ಅಷ್ಟೇ. ಲಿಥಿಯಂ ಅಯಾನುಗಳು ಆ ಉಪಕ್ರಿಯೆಗಳಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಾಗುತ್ತವೆ. ಇಷ್ಟು ಬೇಗ ಸಾಮರ್ಥ್ಯ ಕುಗ್ಗಿದ್ದನ್ನು ಮಾಲೀಕರು ಹೇಳಿದರೆ ನಂಬುವವರಾರು? ಅವರು ಮಾಡಿದ್ದು ಯಾವುದೇ ವಿಜ್ಞಾನ ಪ್ರಯೋಗಾಲಯ ಮೆಚ್ಚುವ ಕೆಲಸ. 2012ರ ಸೆಪ್ಟೆಂಬರಿನಲ್ಲಿ 12 ಕಾರುಗಳನ್ನು ಒಂದೆಡೆ ತಂದು, ಪೂರ್ತಿ ಚಾರ್ಜ್ ಮಾಡಿ, ಒಂದೇ ಬಗೆಯಲ್ಲಿ ಓಡಿಸಿ, ಪ್ರತಿಯೊಂದೂ ಎಷ್ಟು ದೂರಕ್ಕೆ ನಿಲ್ಲುತ್ತದೆಂದು ಅಳೆದರು. ಆಮೇಲೆ ಕಂಪನಿ ಹೊಸ ಭರವಸೆ ಪ್ರಕಟಿಸಿತು: 5 ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು 9ಕ್ಕಿಂತ ಕಡಿಮೆಯಾದರೆ ಬ್ಯಾಟರಿಯನ್ನು ಸರಿಪಡಿಸಿ ಅಥವಾ ಬದಲಿಸಿಕೊಡುವುದು. ಮಜವೆಂದರೆ ಆ ಗೆರೆಗಳು ಸಮನಾದವಲ್ಲ. ಮೊದಲನೆಯದು ಅಳಿಯುವಾಗಲೇ ಸುಮಾರು ಶೇಕಡಾ 15ರಷ್ಟು ಸಾಮರ್ಥ್ಯ ಹೋಗಿರುತ್ತದೆ! ಅಳತೆಪಟ್ಟಿಯನ್ನು ನಂಬುವ ಮೊದಲು ಅದನ್ನು ಬರೆದವರು ಯಾರೆಂದು ನೋಡುವುದು ಕ್ಷೇಮ.

ಈಗಿನ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ಸುತ್ತ ದ್ರವ ಹರಿಸಿ ತಂಪು ಮಾಡುತ್ತಾರೆ. ಶಾಖದ ಕಾಟ ಕಡಿಮೆಯಾಗಿದೆ. ಆದರೆ ಬೆಲೆಯ ಕಾಟ ಉಳಿದಿದೆ. 2023ರಲ್ಲಿ ಕೆನಡಾದಿಂದ ಒಂದು ಸುದ್ದಿ ಬಂತು. ಕಾರಿನ ತಳ ಯಾವುದಕ್ಕೋ ತಾಗಿ ಬ್ಯಾಟರಿಯ ಹೊರಕವಚ ಗೀಚಿತ್ತು. ಇಡೀ ಬ್ಯಾಟರಿ ಬದಲಿಸಬೇಕು, 60,000 ಡಾಲರಿಗೂ ಹೆಚ್ಚಾಗುತ್ತದೆ ಎಂದು ಸರ್ವಿಸಿನವರು ಹೇಳಿದರು. ಅದು ಕಾರಿನ ಬೆಲೆಗಿಂತಲೂ ಹೆಚ್ಚು. ವಿಮಾ ಸಂಸ್ಥೆ ಕಾರನ್ನೇ ಗುಜರಿಗೆ ಬರೆದುಕೊಂಡಿತು.

ಕಂಪನಿಯವರ ಭಯಕ್ಕೆ ಅರ್ಥವಿಲ್ಲದಿಲ್ಲ. ಕೋಶದೊಳಗೆ ಧನ ಮತ್ತು ಋಣ ವಿದ್ಯುದ್ವಾರಗಳನ್ನು ಬೇರೆಯಿಡುವ ಪೊರೆ ತಲೆಕೂದಲಿಗಿಂತ ತೆಳು. ಪೆಟ್ಟಿನಿಂದ ಅದು ಮಡಚಿದೆಯೋ ಹರಿದಿದೆಯೋ ಹೊರಗಿನಿಂದ ತಿಳಿಯದು. ಹರಿದಿದ್ದರೆ ಇಂದಲ್ಲ ನಾಳೆ ಒಳಗೇ ಶಾರ್ಟ್ ಆಗಿ ಬೆಂಕಿ. ಜನರಲ್ ಮೋಟರ್ಸ್ ಕಂಪನಿ ಮಡಚಿದ ಪೊರೆ ಮತ್ತು ಹರಿದ ಋಣ ಪಟ್ಟಿ ಒಂದೇ ಕೋಶದಲ್ಲಿ ಸೇರಿಬಿಡುವ ಅಪರೂಪದ ದೋಷಕ್ಕಾಗಿ 2021ರಲ್ಲಿ ತನ್ನ ಬೋಲ್ಟ್ ಕಾರುಗಳನ್ನೆಲ್ಲ, ಸುಮಾರು 1.4 ಲಕ್ಷ, ವಾಪಸು ಕರೆಯಬೇಕಾಯಿತು. ಎಚ್ಚರಿಕೆ ಬೇಕು. ಆದರೆ ಬ್ಯಾಟರಿಯನ್ನು ಬಿಡಿಬಿಡಿ ಮಾಡ್ಯೂಲುಗಳಾಗಿ ಕಟ್ಟಿದ್ದರೂ, ಕೆಟ್ಟದ್ದೊಂದನ್ನು ಬದಲಿಸದೆ ಇಡೀ ಪೆಟ್ಟಿಗೆಗೇ ಬಿಲ್ಲು ಮಾಡುವುದನ್ನು ಎಚ್ಚರಿಕೆ ಎನ್ನಲಾಗದು. ಒಂದು ಹೆಂಚು ಒಡೆದರೆ ಮನೆಯ ಮಾಡನ್ನೇ ಇಳಿಸುವುದುಂಟೆ?

ದೊಡ್ಡ ಬ್ಯಾಟರಿಗಿಂತ ಹೆಚ್ಚು ಸಲ ದಾರಿಯಲ್ಲಿ ಕೈಕೊಡುವುದು ಯಾರೂ ಗಮನಿಸದ ಚಿಕ್ಕ ಬ್ಯಾಟರಿ. ಹೌದು, 360 ವೋಲ್ಟಿನ ಕಾರಿನಲ್ಲಿಯೂ 12 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಕಾರು ನಿಂತಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಭಾರಿ ರಿಲೇಗಳು ಕಡಿದಿರುತ್ತವೆ. ಅವನ್ನು ಮತ್ತೆ ಜೋಡಿಸಲು ಚಿಕ್ಕದರ ವಿದ್ಯುತ್ ಬೇಕು. ಚಿಕ್ಕದು ಸತ್ತರೆ, ದೊಡ್ಡದು ತುಂಬಿ ತುಳುಕುತ್ತಿದ್ದರೂ ಕಾರು ಏಳುವುದಿಲ್ಲ. ಬೀಗದ ಕೈ ಮನೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಚಿಕ್ಕದನ್ನು ಚಾರ್ಜ್ ಮಾಡುವ ಘಟಕದ ದೋಷದಿಂದ 2024ರಲ್ಲಿ ಭಾರತದಲ್ಲಿ ಹ್ಯುಂಡೈ 1,744 ಮತ್ತು ಕಿಯಾ 1,138 ಕಾರುಗಳನ್ನು ವಾಪಸು ಕರೆದವು. ಇಂಥ ಕಾರನ್ನು ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಲಾಗದು. ಹಗ್ಗ ಕಟ್ಟಿ ದೂರ ಎಳೆಯುವುದೂ ಅಪಾಯ: ಚಕ್ರ ತಿರುಗಿದರೆ ಅಯಸ್ಕಾಂತವಿರುವ ಮೋಟಾರು ಫ್ಯಾರಡೆಯ ನಿಯಮದಂತೆ ಡೈನಮೋ ಆಗಿ ವಿದ್ಯುತ್ ಹುಟ್ಟಿಸುತ್ತದೆ, ಒಳಗಿನ ಮಂಡಲಗಳನ್ನು ಸುಡಬಲ್ಲದು. ಚಪ್ಪಟೆ ಲಾರಿಯೇ ಬೇಕು.

ತಂತ್ರಾಂಶದ ಸಂಕಟ ಬೇರೆ. ದೋಷದ ಸಂಕೇತ ಓದಲು, ಹೊಸ ಭಾಗವನ್ನು ಕಾರು ಒಪ್ಪುವಂತೆ ಮಾಡಲು ಕಂಪನಿಯ ಕಂಪ್ಯೂಟರೇ ಬೇಕು. ಕಂಪನಿಯೇ ಮುಚ್ಚಿದರೆ? ಅಮೆರಿಕದ ಫಿಸ್ಕರ್ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅದರ ಓಷನ್ ಕಾರು ಕೊಂಡಿದ್ದ ಸಾವಿರಾರು ಜನರ ಮುಂದೆ ಇದೇ ಪ್ರಶ್ನೆ ನಿಂತಿತು. ಬಿಡಿಭಾಗಕ್ಕೂ ತಂತ್ರಾಂಶಕ್ಕೂ ಅವರು ತಾವೇ ಸಂಘ ಕಟ್ಟಿಕೊಂಡು ಓಡಾಡಬೇಕಾಯಿತು. ಮಸಾಚುಸೆಟ್ಸ್ ರಾಜ್ಯದ ಮತದಾರರು ಕಾರು ಹೊರಗೆ ಕಳಿಸುವ ಮಾಹಿತಿ ಮಾಲೀಕರಿಗೂ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು 2020ರಲ್ಲಿ ಮತ ಹಾಕಿದರು. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಒಂದು ಪೋರ್ಟಲ್ ತೆರೆಯಿತು. ಅದು ಮಾಹಿತಿಯ ಬಾಗಿಲು ಮಾತ್ರ, ಕಾನೂನಿನ ದೊಣ್ಣೆಯಲ್ಲ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಮೀರಿದರೆ ಜಿಲ್ಲಾ ಗ್ರಾಹಕ ಆಯೋಗ.

ಪಾಲಕರು ಕಾರು ಕೊಳ್ಳುವ ಮೊದಲು ಮೈಲೇಜಿನ ಜೊತೆಗೆ ಕೇಳಬೇಕಾದದ್ದು ಕೆಲವಿವೆ. ಬ್ಯಾಟರಿ ಬಿಚ್ಚಿ ರಿಪೇರಿ ಮಾಡಬಲ್ಲ ಸರ್ವಿಸ್ ಕೇಂದ್ರ ಎಷ್ಟು ಕಿಲೋಮೀಟರಿನಲ್ಲಿದೆ? ಮಾಡ್ಯೂಲು ಬೇರೆಯಾಗಿ ಸಿಗುತ್ತದೆಯೆ? ಎಂಟು ವರ್ಷದ ಗ್ಯಾರಂಟಿ ಎಂದರೆ ಬ್ಯಾಟರಿ ಪೂರ್ತಿ ಸತ್ತರೆ ಮಾತ್ರವೋ, ಸಾಮರ್ಥ್ಯ ಇಂತಿಷ್ಟು ಶೇಕಡಾಕ್ಕಿಂತ ಇಳಿದರೂ ಉಂಟೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ.

ಮನೆಯಲ್ಲಿ ಈಗಾಗಲೇ ಇಂಥ ಕಾರಿದ್ದರೆ ಒಂದು ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಚಾರ್ಜಿಂಗ್ ದಾರಿಯಲ್ಲಿ ಒಂದು ಯೂನಿಟ್ ಮೀಟರ್ ಇರಲಿ. ಅದನ್ನು ಎಲೆಕ್ಟ್ರಿಷಿಯನ್ ಕೂರಿಸಲಿ. ತಿಂಗಳಿಗೊಮ್ಮೆ ಕಾರಿನ ಫಲಕ ಶೇಕಡಾ 20 ತೋರಿಸಿದಾಗ ಚಾರ್ಜಿಗೆ ಹಾಕಿ 80ಕ್ಕೆ ನಿಲ್ಲಿಸಿ, ಎಷ್ಟು ಯೂನಿಟ್ ಹೋಯಿತೆಂದು ಬರೆದಿಡಬೇಕು. 30 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯ ಶೇಕಡಾ 60 ಎಂದರೆ 18 ಯೂನಿಟ್. ಚಾರ್ಜ್ ಆಗುವಾಗ ಹತ್ತರಲ್ಲೊಂದು ಪಾಲು ಶಾಖವಾಗಿ ಹೋಗುತ್ತದೆಂದರೆ ಮೀಟರಿನಲ್ಲಿ 20 ಕಾಣಬೇಕು. ಬ್ಯಾಟರಿಯ ಸಾಮರ್ಥ್ಯ ಕುಗ್ಗಿದಂತೆ ಅದೇ 20ರಿಂದ 80ಕ್ಕೆ ಏರಲು ಕಡಿಮೆ ಯೂನಿಟ್ ಸಾಕಾಗುತ್ತದೆ: ಮೊದಲು 20, ಆಮೇಲೆ 19, ಮುಂದೆ 17. ದಿನಾಂಕ, ಓಡಿದ ಕಿಲೋಮೀಟರ್, ಅಂದಿನ ಹವೆಯ ಉಷ್ಣತೆ, ಮೀಟರಿನ ಅಂಕಿ, ಈ ನಾಲ್ಕು ಕಂಬಸಾಲು ಸಾಕು. ಅಂಕಿ 14ರ ಹತ್ತಿರ ಬಂತೆಂದರೆ ಸಾಮರ್ಥ್ಯ ಶೇಕಡಾ 70ಕ್ಕೆ ಇಳಿದಿದೆ ಎಂದು ಲೆಕ್ಕ. ಗ್ಯಾರಂಟಿಯ ಕಾಗದ ಹುಡುಕಿ, ಆ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ಸರ್ವಿಸ್ ಕೇಂದ್ರಕ್ಕೆ ಹೋಗಬೇಕಾದ ಹೊತ್ತು ಅದು.