ವಿದ್ಯಾಸಾಲವೂ ಬಡ ವಿದ್ಯಾರ್ಥಿಯೂ

ಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ಕಾಲವು ಬಂದಿತೆಂದರೆ, ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಸಂತೋಷವೂ ಚಿಂತೆಯೂ ಜೊತೆಜೊತೆಯಾಗಿಯೇ ಹೊಸ್ತಿಲು ದಾಟಿ ಬರುತ್ತವೆ. ಮಗನಿಗೋ ಮಗಳಿಗೋ ಸೀಟು ದೊರೆತುದು ಸಂತೋಷ. ಶುಲ್ಕವನ್ನು ಎಲ್ಲಿಂದ ತರುವುದೆಂಬುದು ಚಿಂತೆ. ಆಗ “ಸರಕಾರದ ಸಾಲವಿದೆಯಲ್ಲ!” ಎಂದು ನೆರೆಹೊರೆಯವರು ಧೈರ್ಯ ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯದೆ ರುಜು ಹಾಕಿದವರು ಮುಂದೆ ಕಷ್ಟಕ್ಕೆ ಗುರಿಯಾಗುತ್ತಾರೆ. ಅರಿಯದೆ ಹೆದರಿ ಹಿಂದೆಗೆದವರು ಓದನ್ನೇ ಕಳೆದುಕೊಳ್ಳುತ್ತಾರೆ. ಆದಕಾರಣ ಈ ವಿಷಯವಾಗಿ ನಮ್ಮ ವಾಚಕರಲ್ಲಿ ನಾಲ್ಕು ಮಾತುಗಳನ್ನು ವಿಜ್ಞಾಪಿಸುವುದು ಅವಶ್ಯವೆಂದು ತೋರುತ್ತದೆ.

ಮೊದಲು ತಿಳಿಯತಕ್ಕದ್ದೇನೆಂದರೆ, ಸಾಲ ಕೊಡುವುದು ಸರಕಾರವಲ್ಲ, ಬ್ಯಾಂಕು. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರಚಿಸಿದ ಮಾದರಿ ಯೋಜನೆಯೇ ಇದಕ್ಕೆ ತಳಹದಿ. ಸರಕಾರವು ಮಾಡುವ ಸಹಾಯವು ಎರಡು ಬಗೆಯದು. ಓದು ನಡೆಯುವ ಕಾಲದ ಮತ್ತು ಅನಂತರದ ಒಂದು ವರ್ಷದ ಬಡ್ಡಿಯನ್ನು, ಅರ್ಹರ ಪರವಾಗಿ, ತಾನು ಹೊರುವುದು ಒಂದು. ಸಾಲವು ತೀರದೆ ಹೋದರೆ ಬ್ಯಾಂಕಿನ ನಷ್ಟದಲ್ಲಿ ಶೇಕಡಾ 75ರಷ್ಟಕ್ಕೆ ಹೊಣೆ ನಿಲ್ಲುವುದು ಇನ್ನೊಂದು. ಈ ಎರಡನೆಯ ಹೊಣೆಯಿರುವುದರಿಂದಲೇ, ಅದರ ವ್ಯಾಪ್ತಿಗೆ ಸೇರಿದ 7.5 ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಹೊಲಮನೆಗಳ ಅಡವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಕೇಳತಕ್ಕದ್ದಲ್ಲ. ತಂದೆತಾಯಿಗಳು ಜೊತೆ ಸಾಲಗಾರರಾಗಿ ರುಜು ಮಾಡಿದರೆ ಸಾಕು. ಆದರೆ ಅಸಲು ಮಾತ್ರ ಎಂದಿಗೂ ವಿದ್ಯಾರ್ಥಿಯದೇ. ಇದು ದಾನವಲ್ಲ, ಮನ್ನಾ ಆಗುವುದೆಂದು ಕಾದು ಕುಳಿತುಕೊಳ್ಳತಕ್ಕ ಋಣವೂ ಅಲ್ಲ.

ಬಡ್ಡಿಯ ಸಹಾಯವು ಯಾರಿಗೆ? 2009ರಿಂದ ನಡೆದುಬಂದಿರುವ ಕೇಂದ್ರದ ಯೋಜನೆಯಂತೆ, ಕುಟುಂಬದ ವಾರ್ಷಿಕ ವರಮಾನವು 4.5 ಲಕ್ಷ ರೂಪಾಯಿ ಮೀರದಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಶಿಕ್ಷಣವನ್ನೋ ತಾಂತ್ರಿಕ ಶಿಕ್ಷಣವನ್ನೋ ಪಡೆಯುವವರಿಗೆ ಆ ಅವಧಿಯ ಬಡ್ಡಿಯೆಲ್ಲವೂ ಸಲ್ಲುತ್ತದೆ. 2024ರ ನವೆಂಬರ್ 6ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು, 8 ಲಕ್ಷದವರೆಗೆ ವರಮಾನವಿದ್ದು ಬೇರೆ ಸರಕಾರಿ ವಿದ್ಯಾರ್ಥಿವೇತನವನ್ನಾಗಲಿ ಬಡ್ಡಿಯ ಸಹಾಯವನ್ನಾಗಲಿ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ನ್ನು ಬಿಡುತ್ತದೆ. ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ.

ಇದರ ಬೆಲೆಯನ್ನು ಒಂದು ಲೆಕ್ಕದಿಂದ ಕಾಣಬಹುದು. ನಾಲ್ಕು ವರ್ಷದ ಓದಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲವೆನ್ನೋಣ. ಬಡ್ಡಿಯ ದರವನ್ನು ಉದಾಹರಣೆಗಾಗಿ ಶೇಕಡಾ 9 ಎಂದು ಹಿಡಿಯೋಣ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿಯನ್ನು ಎಣಿಸಿದರೆ, ಓದು ಮುಗಿದು ಒಂದು ವರ್ಷವಾಗುವಾಗ ಬಡ್ಡಿಯೇ 1,26,000 ರೂಪಾಯಿ. ಸಹಾಯ ಪಡೆಯದವನ ತಲೆಯ ಮೇಲೆ 5,26,000 ಇರುತ್ತದೆ. ಪೂರ್ಣ ಸಹಾಯ ಪಡೆದವನಿಗೆ 4 ಲಕ್ಷವಷ್ಟೆ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ಒಬ್ಬನ ಮಾಸಿಕ ಕಂತು ಸುಮಾರು 6,660, ಇನ್ನೊಬ್ಬನದು ಸುಮಾರು 5,070. ಹೊಸದಾಗಿ ನೌಕರಿಗೆ ಸೇರಿದವನಿಗೆ ಈ ಅಂತರವು ಸಣ್ಣದಲ್ಲ. ತಹಶೀಲ್ದಾರರ ವರಮಾನ ಪತ್ರವೊಂದು ಸಕಾಲಕ್ಕೆ ಬಾರದಿದ್ದುದರಿಂದ ಇಷ್ಟು ಹಣವನ್ನು ಕಳೆದುಕೊಳ್ಳುವುದು ಎಂತಹ ಅನ್ಯಾಯ! ಓದನ್ನು ನಡುವೆ ಬಿಟ್ಟವನಿಗೆ ಕಾಯಿಲೆಯ ಕಾರಣದಿಂದಲ್ಲದೆ ಈ ಸಹಾಯವು ಸಲ್ಲದೆಂಬುದನ್ನೂ ನೆನಪಿಡಬೇಕು.

ಯೋಜನೆಯು ಒಳ್ಳೆಯದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದರ ನೀರು ಯಾವ ಹೊಲಕ್ಕೆ ಹರಿಯುತ್ತಿದೆಯೆಂಬುದನ್ನು ನೋಡಬೇಕು. ವಿದ್ಯಾಲಕ್ಷ್ಮಿಯು ಮೊದಲಿಗೆ ಹೆಸರಿಸಿದುದು ದೇಶದ 860 ಶ್ರೇಷ್ಠ ಸಂಸ್ಥೆಗಳನ್ನು. ಅಲ್ಲಿಗೆ ಪ್ರವೇಶ ಪಡೆದವನು ಪುಣ್ಯವಂತನೇ. ಬ್ಯಾಂಕುಗಳು ಅವನಿಗೆ ಸಾಲ ಕೊಡಲು ತಾವಾಗಿಯೇ ಮುಂದೆ ಬರುತ್ತವೆ. ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎ.ಯನ್ನೋ ಬಿ.ಎಸ್‌ಸಿ.ಯನ್ನೋ ಓದುವ ಕೂಲಿಯವನ ಮಗಳ ಗತಿಯೇನು? ಆಕೆಯ ಕಾಲೇಜು ಶ್ರೇಷ್ಠರ ಪಟ್ಟಿಯಲ್ಲಿಲ್ಲ. ಆಕೆಯ ಓದು ವೃತ್ತಿಶಿಕ್ಷಣವಲ್ಲ. ಎರಡು ಯೋಜನೆಗಳ ನಡುವಣ ಸಂದಿಯಲ್ಲಿ ಆಕೆ ಬೀಳುತ್ತಾಳೆ. ಹಿಂದುಳಿದ ವರ್ಗಗಳವರಿಗೆ ನಮ್ಮ ರಾಜ್ಯದ ಡಿ. ದೇವರಾಜ ಅರಸು ನಿಗಮವು ‘ಅರಿವು’ ಎಂಬ ಹೆಸರಿನಿಂದ ಕೊಡುವ ಶೇಕಡಾ 2ರ ಬಡ್ಡಿಯ ಸಾಲವೂ ವೃತ್ತಿಶಿಕ್ಷಣದವರಿಗಾಗಿಯೇ ಇರತಕ್ಕದ್ದು. ಯಾರಿಗೆ ನೂರು ರೂಪಾಯಿಯೂ ಭಾರವೋ ಅವರಿಗೇ ಬಡ್ಡಿಯ ವಿನಾಯಿತಿಯಿಲ್ಲವೆಂಬುದು ನ್ಯಾಯವೆಂದು ಯಾರು ಹೇಳಿಯಾರು?

ಇನ್ನು ಬ್ಯಾಂಕಿನ ಬಾಗಿಲ ಮಾತು. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಹಳ್ಳಿಯವರು ಸುಮ್ಮನೆ ಕಟ್ಟಲಿಲ್ಲ. ಅಡವಿಲ್ಲದೆ ಆಗದೆಂದು ಬಾಯಿಮಾತಿನಲ್ಲಿ ಹಿಂದಕ್ಕೆ ಕಳುಹಿಸಿದರೆ, ಅದಕ್ಕೆ ದಾಖಲೆಯೂ ಇರದು, ಮೇಲ್ಮನವಿಯೂ ಇರದು. ಮಾದರಿ ಯೋಜನೆಯಾದರೋ, ನಿರಾಕರಣೆಗೆ ಮೇಲಧಿಕಾರಿಯ ಸಮ್ಮತಿ ಬೇಕೆಂದೂ ಕಾರಣವನ್ನು ವಿದ್ಯಾರ್ಥಿಗೆ ತಿಳಿಸಬೇಕೆಂದೂ ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಅರ್ಜಿಯನ್ನು ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕವೇ ಸಲ್ಲಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬಡ್ಡಿಯ ಸಹಾಯಕ್ಕೂ ಅರ್ಜಿ ಹಾಕಲು ಮರೆಯಬಾರದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿಯೇ ಕೇಳಬೇಕು. ಸಿಬಿಲ್ ಅಂಕವು ಕಡಮೆಯೆಂಬುದೊಂದೇ ಕಾರಣದಿಂದ ವಿದ್ಯಾಸಾಲವನ್ನು ತಳ್ಳಿಹಾಕಬಾರದೆಂದು ನೆರೆಯ ಕೇರಳದ ಹೈಕೋರ್ಟು 2023ರಲ್ಲಿ ಹೇಳಿದುದನ್ನು ನಮ್ಮ ಬ್ಯಾಂಕಿನ ಅಧಿಕಾರಿಗಳೂ ಗಮನಿಸುವುದು ಯುಕ್ತ.

ಕೇಂದ್ರದ ಬಡ್ಡಿಯ ಸಹಾಯವನ್ನು ಹಂಚುವ ಹೊಣೆಯನ್ನು ಹೊತ್ತಿರುವುದು ಕೆನರಾ ಬ್ಯಾಂಕು. 1891ರಲ್ಲಿ ಮಂಗಳೂರಿನಲ್ಲಿ ಶಾಲೆಯನ್ನು ತೆರೆದ ಅಮ್ಮೆಂಬಳ ಸುಬ್ಬರಾವ್ ಪೈಗಳೇ 1906ರಲ್ಲಿ ಈ ಬ್ಯಾಂಕನ್ನೂ ಸ್ಥಾಪಿಸಿದರು. ವಿದ್ಯೆಯೂ ಹಣವೂ ಒಂದೇ ಕೈಯಿಂದ ನಾಡಿಗೆ ಬಂದ ಈ ದೃಷ್ಟಾಂತವು ನಮ್ಮ ಹೆಮ್ಮೆ. ಅಂತಹ ನಾಡಿನಲ್ಲಿ, ಕನ್ನಡವೊಂದನ್ನೇ ಓದಬಲ್ಲ ತಂದೆಯು ತಾನು ಓದಲಾರದ ಇಂಗ್ಲಿಷ್ ಕರಾರಿಗೆ ರುಜು ಹಾಕುವಂತಾಗುವುದು ನಾಚಿಕೆಗೇಡು. ಬಡ್ಡಿಯ ದರವೆಷ್ಟು, ಅದು ಏರುವುದೆಂದು, ಕಂತು ಎಷ್ಟು, ತಪ್ಪಿದರೆ ಏನಾಗುವುದು ಎಂಬ ನಾಲ್ಕು ಸಂಗತಿಗಳು ಒಂದೇ ಹಾಳೆಯಲ್ಲಿ ತಿಳಿಗನ್ನಡದಲ್ಲಿರಬೇಕು.

ಸಾಲಗಾರನಿಗೂ ಕರ್ತವ್ಯವಿದೆ. ಹಿಂದೆ ವಾರಾನ್ನದಿಂದ ಓದಿದವರು ಉಂಡ ಮನೆಗಳ ಋಣವನ್ನು ಮರೆಯುತ್ತಿರಲಿಲ್ಲ. ಇಂದಿನ ಅನ್ನದಾತನು ಠೇವಣಿಯಿಟ್ಟ ಸಾಮಾನ್ಯ ಪ್ರಜೆ. ಶಕ್ತಿಯಿದ್ದೂ ಕಂತನ್ನು ತಪ್ಪಿಸುವವನು ತನ್ನ ಹಿಂದೆ ಬರುವ ಬಡ ಹುಡುಗನ ಅರ್ಜಿಯನ್ನೇ ಹರಿದಂತಾಗುತ್ತದೆ. ಹಾಗೆಯೇ, ಬೇಕಾದುದಕ್ಕಿಂತ ಹೆಚ್ಚಿನ ಸಾಲವನ್ನು ಎತ್ತತಕ್ಕದ್ದಲ್ಲ; ಕಾಲೇಜಿನ ಹೆಸರಿಗೆ ಮರುಳಾಗದೆ ಅಲ್ಲಿ ಓದಿ ಹೊರಬಂದವರ ಸಂಪಾದನೆಯನ್ನು ವಿಚಾರಿಸಿ ಹೆಜ್ಜೆಯಿಡಬೇಕು.

ನಮ್ಮ ಸೂಚನೆಗಳು ಮೂರು. ವರಮಾನದ ಮಿತಿಯೊಳಗಿನ ಎಲ್ಲ ಪದವಿ ವಿದ್ಯಾರ್ಥಿಗಳಿಗೂ, ಅವರ ಓದು ಯಾವುದೇ ಆಗಿರಲಿ, ಬಡ್ಡಿಯ ಸಹಾಯವನ್ನು ವಿಸ್ತರಿಸಬೇಕು. ಪ್ರತಿ ಪದವಿಪೂರ್ವ ಕಾಲೇಜಿನಲ್ಲಿಯೂ ಪರೀಕ್ಷೆಗೆ ಮೊದಲೇ ಬ್ಯಾಂಕಿನವರೂ ಕಂದಾಯ ಇಲಾಖೆಯವರೂ ಕುಳಿತು ಪತ್ರಗಳನ್ನು ಸಿದ್ಧಪಡಿಸಿಕೊಡಬೇಕು. ಕರಾರಿನ ಸಾರವು ಕನ್ನಡದಲ್ಲಿರಬೇಕು. ಇವುಗಳಿಗೆ ಆಗುವ ವೆಚ್ಚಕ್ಕಿಂತ, ಶುಲ್ಕವಿಲ್ಲದೆ ಮನೆಗೆ ಮರಳಿದ ಒಬ್ಬ ಬುದ್ಧಿವಂತ ಹುಡುಗಿಯಿಂದ ನಾಡಿಗಾಗುವ ನಷ್ಟವೇ ದೊಡ್ಡದು. ಅಧಿಕಾರದಲ್ಲಿರುವವರು ಇದನ್ನು ಬರುವ ವಿದ್ಯಾವರ್ಷಕ್ಕೆ ಮೊದಲೇ ಮನಗಾಣುವರೆಂದು ನಂಬುತ್ತೇವೆ.